ಪಾಯಿಂಟ್ 22 ರೈಫಲ್ಲಿನ ಗುರಿ ಎಷ್ಟು ದೂರದವರೆಗೆ ನಂಬಿಕೆಗೆ ಅರ್ಹ?

ಪ್ರಶ್ನೆ: ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಸಮಯದಲ್ಲಿ ನಮ್ಮೂರಿನಲ್ಲಿ ನಡೆಯುವ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಪಾಯಿಂಟ್ 22 (0.22 ಇಂಚು ನಳಿಕೆಯ) ರೈಫಲ್ಲಿನೊಂದಿಗೆ ಭಾಗವಹಿಸುತ್ತೇನೆ. ಈಚೆಗೆ ಅದಕ್ಕೆ ಸ್ಕೋಪ್ (ಗುರಿ ನೋಡುವ ದೂರದರ್ಶಕ) ಹಾಕಿಸಿದ್ದೇನೆ. ಇಂಥದೇ ರೈಫಲ್ಲಿನಿಂದ 300 ಮೀಟರ್ ದೂರಕ್ಕೆ ಹೊಡೆಯುವ ವಿಡಿಯೊ ನೋಡಿದ ಮೇಲೆ, ಮನೆಯ ಮುಂದಿನ ಗದ್ದೆಯ ಆಚೆ ಬದಿಗೆ ಕಾಯಿ ಇಟ್ಟು ಅಭ್ಯಾಸ ಮಾಡಬೇಕೆನಿಸಿದೆ. ಹೈ ವೆಲಾಸಿಟಿ ಕಾಡತೂಸು ಬಳಸಿದರೆ ಇದು ಸಾಧ್ಯವೇ?
— ಪೊನ್ನಂಪೇಟೆ ಕಡೆಯ ಓದುಗರು

ಉತ್ತರ: ಗುಂಡು 300 ಮೀಟರ್ ತಲುಪುವುದರಲ್ಲಿ ಸಂಶಯವಿಲ್ಲ. ಅದು ಎಲ್ಲಿ ತಲುಪುತ್ತದೆ ಎಂಬುದನ್ನು ಮೊದಲೇ ಹೇಳಬಲ್ಲಿರಾ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಸಾಮಾನ್ಯ ರೈಫಲ್, ಸಾಮಾನ್ಯ ಕಾಡತೂಸು ಮತ್ತು ಒಳ್ಳೆಯ ಕೈ ಇರುವವರಿಗೆ 100 ಮೀಟರ್ ನಂಬಬಹುದಾದ ದೂರ; ದೂರವನ್ನು ಅಳೆದು, ಗಾಳಿಯನ್ನು ಗಮನಿಸಿ ಹೊಡೆಯುವವರಿಗೆ 150 ಮೀಟರ್; ಸ್ಪರ್ಧಾದರ್ಜೆಯ ಕಾಡತೂಸು ಇದ್ದರೆ 200 ಮೀಟರ್. ಅದರಾಚೆ ಕಾಯಿ ಒಡೆದರೆ ಅದರಲ್ಲಿ ಅದೃಷ್ಟದ ಪಾಲು ದೊಡ್ಡದಿರುತ್ತದೆ ಎಂಬುದು ನನ್ನ ಅಭಿಪ್ರಾಯ. ವಿಡಿಯೊದಲ್ಲಿ ತಗುಲಿದ ಗುಂಡುಗಳನ್ನು ಮಾತ್ರ ತೋರಿಸಲಾಗುತ್ತದೆ ಎಂಬುದನ್ನೂ ನೆನಪಿಡಿ.

ಕಾರಣ ಗುಂಡಿನ ಸ್ವಭಾವದಲ್ಲೇ ಇದೆ. 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಕದ ಈ ಸೀಸದ ಗುಂಡು ಮೊಂಡು ಮೂತಿಯದು. ಸ್ಟ್ಯಾಂಡರ್ಡ್ ಕಾಡತೂಸಿನಲ್ಲಿ ಅದು ಸೆಕೆಂಡಿಗೆ ಸುಮಾರು 325 ಮೀಟರ್ ವೇಗದಲ್ಲಿ ನಳಿಕೆ ಬಿಡುತ್ತದೆ. 50 ಮೀಟರಿಗೆ ಜೀರೊ ಮಾಡಿದ, ಅಂದರೆ ಆ ದೂರಕ್ಕೆ ಗುಂಡು ಗುರಿಗೇ ತಗುಲುವಂತೆ ಸ್ಕೋಪ್ ಹೊಂದಿಸಿದ ರೈಫಲ್ಲಿನಿಂದ 100 ಮೀಟರಿಗೆ ಹೊಡೆದರೆ ಅದು ಸುಮಾರು 20 ಸೆಂಟಿಮೀಟರ್ ಕೆಳಗೆ ಬೀಳುತ್ತದೆ; 200 ಮೀಟರಿನಲ್ಲಿ ಈ ಇಳಿತ ಒಂದೂವರೆ ಮೀಟರನ್ನೂ, 300 ಮೀಟರಿನಲ್ಲಿ ನಾಲ್ಕು ಮೀಟರನ್ನೂ ದಾಟುತ್ತದೆ. ಸ್ಕೋಪಿನ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಅನೇಕ ಸ್ಕೋಪುಗಳಲ್ಲಿ 300 ಮೀಟರಿಗೆ ಬೇಕಾದಷ್ಟು ಏರಿಕೆ ಸಿಗುವುದಿಲ್ಲವಾದ್ದರಿಂದ, ದೂರದ ಗುರಿಯವರು ಮುಂದಕ್ಕೆ ಬಾಗಿದ ವಿಶೇಷ ಪಟ್ಟಿಯ ಮೇಲೆ ಸ್ಕೋಪನ್ನು ಕೂರಿಸುತ್ತಾರೆ.

ಇಳಿತ ಹೆಚ್ಚೆಂಬುದೊಂದೇ ಆಗಿದ್ದರೆ ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬಹುದಿತ್ತು. ಆದರೆ ಲೆಕ್ಕಕ್ಕೆ ಬೇಕಾದ ದೂರವೇ ಸರಿಯಾಗಿ ಗೊತ್ತಿರುವುದಿಲ್ಲ. 200 ಮೀಟರಿನ ಹತ್ತಿರ ಗುಂಡು ಎಷ್ಟು ಬೇಗ ಇಳಿಯುತ್ತಿರುತ್ತದೆಂದರೆ, ನೀವು ದೂರವನ್ನು 10 ಮೀಟರ್ ತಪ್ಪಾಗಿ ಅಂದಾಜು ಮಾಡಿದರೆ ಗುಂಡು 10 ಸೆಂಟಿಮೀಟರಿಗಿಂತ ಹೆಚ್ಚು ಮೇಲೆ ಅಥವಾ ಕೆಳಗೆ ಹೋಗುತ್ತದೆ. ಸುಲಿದ ತೆಂಗಿನಕಾಯಿಯ ಅಗಲ ಹತ್ತು-ಹನ್ನೆರಡು ಸೆಂಟಿಮೀಟರ್. ಗದ್ದೆಯ ಆಚೆ ಬದಿಯನ್ನು ಕಣ್ಣಳತೆಯಲ್ಲಿ ನೋಡಿ ಹತ್ತು ಮೀಟರಿನೊಳಗೆ ಸರಿಯಾಗಿ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರು?

ಇನ್ನು ಕಾಡತೂಸು. ಪಾಯಿಂಟ್ 22ರದು ರಿಮ್‌ಫೈರ್ ಬಗೆಯದು. ರಿಮ್‌ಫೈರ್ ಕಾಡತೂಸಿನಲ್ಲಿ ಕಿಡಿ ಹುಟ್ಟಿಸುವ ಮದ್ದು ಹಿತ್ತಾಳೆಯ ಅಂಚಿನೊಳಗೆ ಹರಡಿಕೊಂಡಿರುತ್ತದೆ. ಆ ಹರಡುವಿಕೆ ಪ್ರತಿ ಕಾಡತೂಸಿನಲ್ಲೂ ಒಂದೇ ಸಮನಾಗಿರುವುದು ಕಷ್ಟ, ಮದ್ದಿನ ಪ್ರಮಾಣವೂ ತೀರಾ ಚಿಕ್ಕದು, ದೊಡ್ಡ ರೈಫಲ್ಲಿನವರಂತೆ ಮನೆಯಲ್ಲಿ ತೂಗಿ ಮತ್ತೆ ತುಂಬಿಕೊಳ್ಳುವ ದಾರಿಯೂ ಇಲ್ಲ. ಹಾಗಾಗಿ ಅಗ್ಗದ ಪೆಟ್ಟಿಗೆಯೊಂದರಲ್ಲಿ ಗುಂಡಿನಿಂದ ಗುಂಡಿಗೆ ಸೆಕೆಂಡಿಗೆ ಹತ್ತಿಪ್ಪತ್ತು ಮೀಟರ್ ವೇಗ ವ್ಯತ್ಯಾಸವಾಗುವುದು ಸಾಮಾನ್ಯ. 50 ಮೀಟರಿನಲ್ಲಿ 10 ಮೀಟರಿನ ವೇಗ ವ್ಯತ್ಯಾಸ ಒಂದು ಸೆಂಟಿಮೀಟರನ್ನೂ ಮಾಡುವುದಿಲ್ಲ. ನಿಮ್ಮ ಸ್ಪರ್ಧೆಯಲ್ಲಿ ಯಾರೂ ಅದನ್ನು ಗಮನಿಸಿರುವುದಿಲ್ಲ. 200 ಮೀಟರಿನಲ್ಲಿ ಅದೇ ವ್ಯತ್ಯಾಸ ಹತ್ತು ಸೆಂಟಿಮೀಟರಿನಷ್ಟಾಗಿ, ಕೈ ಅಲುಗದೆ ಹೊಡೆದ ಗುಂಡುಗಳೂ ಮೇಲೆ ಕೆಳಗೆ ಉದ್ದಕ್ಕೆ ಹರಡುತ್ತವೆ. ಸ್ಪರ್ಧಾಳುಗಳು ಒಂದೇ ಲಾಟ್ ಸಂಖ್ಯೆಯ (ಒಂದೇ ಕಂತಿನಲ್ಲಿ ತಯಾರಾದ) ಪೆಟ್ಟಿಗೆಗಳನ್ನು ತಮ್ಮ ರೈಫಲ್ಲಿನಲ್ಲೇ ಪರೀಕ್ಷಿಸಿ ಒಟ್ಟಿಗೆ ಕೊಳ್ಳುವುದು ಇದಕ್ಕಾಗಿ. ಸ್ಕೋಪಿಗೆ ಇನ್ನಷ್ಟು ಹಣ ಸುರಿಯುವ ಮೊದಲು ನೀವು ಮಾಡಬೇಕಾದದ್ದೂ ಇದನ್ನೇ.

ಹೈ ವೆಲಾಸಿಟಿ ಕಾಡತೂಸಿನ ಬಗ್ಗೆ ನನ್ನ ಸಲಹೆ, ದೂರದ ಗುರಿಗೆ ಅದು ಬೇಡ. ಅದರ ಗುಂಡು ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿ, ಅಂದರೆ ಶಬ್ದಕ್ಕಿಂತ ವೇಗವಾಗಿ ಹೊರಟು, 100 ಮೀಟರ್ ಮುಟ್ಟುವ ಮೊದಲೇ ಶಬ್ದದ ವೇಗಕ್ಕಿಂತ ಕೆಳಗೆ ಇಳಿಯುತ್ತದೆ. ಆ ದಾಟುವಿಕೆಯಲ್ಲಿ ಗುಂಡಿನ ಸ್ಥಿರತೆ ಕೆಡಬಹುದು. ಹಲವರಿಗೆ ನಂಬಲಾಗದ ಇನ್ನೊಂದು ಸಂಗತಿಯೆಂದರೆ, ಅಡ್ಡಗಾಳಿಗೆ ವೇಗದ ಗುಂಡೇ ಹೆಚ್ಚು ಸರಿಯುತ್ತದೆ. ಗಾಳಿಯಿಂದಾಗುವ ಸರಿತ ಗುಂಡು ಗಾಳಿಯಲ್ಲಿ ಇದ್ದ ಒಟ್ಟು ಸಮಯವನ್ನು ಅವಲಂಬಿಸಿಲ್ಲ; ಗಾಳಿಯ ತಡೆಯಿಂದಾಗುವ ಎಳೆತದಿಂದಾಗಿ ಅದು ಎಷ್ಟು ತಡವಾಯಿತು ಎಂಬುದನ್ನು ಅವಲಂಬಿಸಿದೆ, ಮತ್ತು ಶಬ್ದದ ವೇಗದ ಆಸುಪಾಸಿನಲ್ಲಿ ಈ ಎಳೆತ ಬಹಳ ಏರುತ್ತದೆ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿಯಲ್ಲಿ 100 ಮೀಟರಿಗೆ ಸ್ಟ್ಯಾಂಡರ್ಡ್ ಗುಂಡು ಸುಮಾರು 11 ಸೆಂಟಿಮೀಟರ್ ಸರಿದರೆ, ಹೈ ವೆಲಾಸಿಟಿ ಗುಂಡು 15ರ ಆಸುಪಾಸಿನಲ್ಲಿರುತ್ತದೆ. 200 ಮೀಟರಿನಲ್ಲಿ ಸ್ಟ್ಯಾಂಡರ್ಡ್ ಗುಂಡಿನ ಸರಿತವೇ 40 ಸೆಂಟಿಮೀಟರ್ ದಾಟುತ್ತದೆ. ಗದ್ದೆಬಯಲಿನಲ್ಲಿ ಈ ತುದಿಯ ಗಾಳಿ ಆ ತುದಿಯಲ್ಲಿ ಇರುವುದಿಲ್ಲ; ದಾರಿಯುದ್ದಕ್ಕೂ ಎರಡು ಮೂರು ಕಡೆ ಬಟ್ಟೆಯ ಪಟ್ಟಿ ಕಟ್ಟಿ ನೋಡಿ.

ಗದ್ದೆಯ ಆಚೆ ಬದಿಗೆ ಕಾಯಿ ಇಡುವ ಯೋಚನೆಯನ್ನು ಮಾತ್ರ ಕೈಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಈ ಚಿಕ್ಕ ಗುಂಡು ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು, ಮತ್ತು 300 ಮೀಟರಿನಲ್ಲೂ ಮನುಷ್ಯನ ಜೀವ ತೆಗೆಯುವಷ್ಟು ಬಲ ಉಳಿಸಿಕೊಂಡಿರುತ್ತದೆ. ಹಬ್ಬದ ಹೊತ್ತಿಗೆ ನಾಟಿ ಮುಗಿದ ಗದ್ದೆಯಲ್ಲಿ ನೀರು ನಿಂತಿರುತ್ತದೆ. ಓರೆಯಾಗಿ ನೀರಿಗೋ ಬಂಡೆಗೋ ಬಡಿದ ಸೀಸದ ಗುಂಡು ಪುಟಿದು ಯಾವ ದಿಕ್ಕಿಗೂ ಹೋಗಬಹುದು. ಆಚೆ ಬದಿಯ ಕಾಫಿ ತೋಟದಲ್ಲಿ ಕೆಲಸದವರು ಇದ್ದರೂ ಗಿಡಗಳ ಮರೆಯಲ್ಲಿ ನಿಮಗೆ ಕಾಣುವುದಿಲ್ಲ. ಕಲ್ಲಿಲ್ಲದ ಮಣ್ಣಿನ ಎತ್ತರದ ದಿಬ್ಬ ಗುರಿಯ ಹಿಂದೆಯೇ ಇರಬೇಕು, ಮತ್ತು ಗುಂಡು ಒಂದೆರಡು ಮೀಟರ್ ತಪ್ಪಿದರೂ ಅದರಲ್ಲೇ ಹೂತುಹೋಗುವಂತಿರಬೇಕು. ಕೊಡವರಿಗೂ ಜಮ್ಮಾ (ಕೊಡಗಿನ ಪಾರಂಪರಿಕ ಭೂಮಿ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಮಾತ್ರ ಸಂಬಂಧಿಸಿದ್ದು. ದೂರದ ಕಾಡುಹಂದಿಯ ಮೇಲೆ ಕೈ ಪರೀಕ್ಷಿಸುವ ಮಾತಂತೂ ಬೇಡ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ.

ಪ್ರಶ್ನೆ: ಎತ್ತರದ ಜಾಗದಲ್ಲಿ ಗಾಳಿ ತೆಳುವಾಗಿರುವುದರಿಂದ ಗುಂಡು ಕಡಿಮೆ ಇಳಿಯುತ್ತದೆ ಎನ್ನುತ್ತಾರೆ. ಬೆಟ್ಟದ ಮೇಲಿನಿಂದ ಕೆಳಕ್ಕೆ ಹೊಡೆಯುವಾಗ ಏನು ಬದಲಾಗುತ್ತದೆ?
— ಮಡಿಕೇರಿಯ ಓದುಗರು

ಉತ್ತರ: ಎತ್ತರದ ಲಾಭ ಅಲ್ಪ. ಮಡಿಕೇರಿಯ ಎತ್ತರದಲ್ಲಿ, ಅಂದರೆ ಸುಮಾರು 1,150 ಮೀಟರಿನಲ್ಲಿ, ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಶೇ 10ರಷ್ಟು ಕಡಿಮೆ; 200 ಮೀಟರಿನಲ್ಲಿ ಅದರಿಂದ ಸಿಗುವುದು ಕೆಲವೇ ಸೆಂಟಿಮೀಟರ್. ಇಳಿಜಾರಿನ ಪರಿಣಾಮ ಅದಕ್ಕಿಂತ ದೊಡ್ಡದು. ಗುಂಡಿನ ಇಳಿತಕ್ಕೆ ಲೆಕ್ಕವಾಗುವುದು ಮಟ್ಟದ ದೂರವಾದ್ದರಿಂದ, 20 ಡಿಗ್ರಿ ಇಳಿಜಾರಿನಲ್ಲಿ ಅಳತೆಗೆ 200 ಮೀಟರ್ ಬಂದರೆ 188 ಮೀಟರ್ ಎಂದು ಹಿಡಿದು ಹೊಡೆಯಬೇಕು, ಇಲ್ಲವಾದರೆ ಗುಂಡು ಗುರಿಯ ಮೇಲಿನಿಂದ ಹಾರಿಹೋಗುತ್ತದೆ. ಲೇಸರ್ ದೂರಮಾಪಕ ಬಳಸುವವರು ಮಂಜು ಕವಿದಾಗ ಅದು ತೋರಿಸುವ ಸಂಖ್ಯೆಯನ್ನು ನಂಬಬಾರದು, ಏಕೆಂದರೆ ಕಿರಣ ಮಂಜಿಗೇ ತಗುಲಿ ಹಿಂತಿರುಗಿ ದೂರ ಕಡಿಮೆ ತೋರುವುದುಂಟು. ಗುರಿಯ ಜಾಗ ಖಾಯಂ ಆಗಿದ್ದರೆ ಬಿಸಿಲಿರುವ ದಿನ ಒಮ್ಮೆ ಅಳೆದು ಬರೆದಿಟ್ಟುಕೊಳ್ಳಿ.