ಕುಲುಮೆ ಪ್ರಶ್ನೋತ್ತರ: ಚಾಕುವಿಗಿಂತ ಮೊದಲು ಕೆಂಡ ಕೆದಕುವ ಸರಳು

ಕಮ್ಮಾರಿಕೆಯನ್ನು ಹವ್ಯಾಸವಾಗಿ ಕಲಿಯಬಯಸುವ ಓದುಗರಿಂದ ಬಂದ ಪತ್ರಗಳಲ್ಲಿ ಈ ಬಾರಿ ಅಗ್ಗಿಷ್ಟಿಕೆಯ ಸಲಕರಣೆಗಳ ಬಗ್ಗೆ ಕೇಳಿದವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಮೊದಲನೆಯ ಪ್ರಶ್ನೆಗೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವು ಅದಕ್ಕೆ ಹೊಂದಿಕೊಂಡೇ ಬರುತ್ತವೆ.

ಪ್ರಶ್ನೆ: ನಾನು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನೆಲೆಸಿರುವ ಸಾಫ್ಟ್‌ವೇರ್ ಉದ್ಯೋಗಿ. ನಮ್ಮ ಮನೆಯಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆಯಿದೆ. ಅಂಗಡಿಯಿಂದ ತಂದ ಸಲಕರಣೆಗಳಲ್ಲಿ ಇಕ್ಕಳದ ಕೀಲು ಕಳಚಿದೆ, ಬೂದಿ ಎತ್ತುವ ಸಲಿಕೆ ಬಾಗಿದೆ. ಹಿತ್ತಲಿನಲ್ಲಿ ಚಿಕ್ಕದೊಂದು ಗ್ಯಾಸ್ ಕುಲುಮೆಯನ್ನೂ ಕಬ್ಬಿಣವನ್ನು ಇಟ್ಟು ಬಡಿಯುವ ಅಡಿಗಲ್ಲನ್ನೂ ಹೊಂದಿಸಿಕೊಂಡಿದ್ದೇನೆ. ಗೆಳೆಯರು ಚಾಕು ಮಾಡುವುದರಿಂದ ಆರಂಭಿಸು ಎನ್ನುತ್ತಾರೆ. ನನಗೆ ಈ ಸಲಕರಣೆಗಳನ್ನೇ ಮಾಡುವ ಆಸೆ. ಯಾವುದು ಸರಿ? ಯಾವ ಕ್ರಮದಲ್ಲಿ ಮಾಡಬೇಕು?

ಉತ್ತರ: ನಿಮ್ಮ ಆಸೆಯೇ ಸರಿ. ಚಾಕುವಿಗೆ ಇಂಗಾಲದ ಅಂಶ ಹೆಚ್ಚಿರುವ ಉಕ್ಕು ಬೇಕು. ಅದನ್ನು ಸರಿಯಾದ ಬಿಸಿಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತೆಗೆಯಬೇಕು. ಇದರಲ್ಲಿ ಎಲ್ಲಿ ತಪ್ಪಿದರೂ ಬಡಿದ ಶ್ರಮವೆಲ್ಲ ಹಾಳು, ಎಲ್ಲಿ ತಪ್ಪಿತೆಂಬುದು ಕಲಿಯುವವನಿಗೆ ತಿಳಿಯುವುದೂ ಇಲ್ಲ. ಅಗ್ಗಿಷ್ಟಿಕೆಯ ಸಲಕರಣೆಗೆ ಸಾದಾ ಮೆದು ಉಕ್ಕು ಸಾಕು. ಇಂಗಾಲ ಶೇ 0.25ಕ್ಕಿಂತ ಕಡಿಮೆ ಇರುವ ಈ ಉಕ್ಕನ್ನು ನೀರಿಗೆ ಅದ್ದಿದರೂ ಅದು ಹೇಳಿಕೊಳ್ಳುವಷ್ಟು ಗಡುಸಾಗುವುದಿಲ್ಲ. ಆದ್ದರಿಂದ ತಪ್ಪಿದ್ದನ್ನು ಮತ್ತೆ ಕಾಯಿಸಿ ತಿದ್ದಬಹುದು. ಮಿಗಿಲಾಗಿ, ಕೆದಕುವ ಸರಳು, ಸಲಿಕೆ, ಇಕ್ಕಳ, ಅವನ್ನು ತೂಗುಹಾಕುವ ನಿಲುವು ಇಷ್ಟರಲ್ಲಿಯೇ ಮೊನೆ ಎಳೆಯುವುದು, ಬಾಗಿಸುವುದು, ತಿರುಚುವುದು, ಸೀಳುವುದು, ತೂತು ಹೊಡೆಯುವುದು, ಚಪ್ಪಟೆ ಮಾಡುವುದು, ರಿವೆಟ್ (ತುದಿ ಬಡಿದು ತಲೆ ಕಟ್ಟುವ ಮೊಳೆ) ಹಾಕುವುದು ಎಲ್ಲವೂ ಬಂದುಹೋಗುತ್ತವೆ. ಚಾಕುವಿನ ವಿಡಿಯೊಗಳನ್ನು ನೋಡಿ ಕುಲುಮೆ ಹೂಡಿ, ಬಿರುಕುಬಿಟ್ಟ ಅಲಗನ್ನು ಮೂಲೆಗೆಸೆದು, ಕೊನೆಗೆ ಅಡಿಗಲ್ಲನ್ನು ಮಾರಾಟಕ್ಕಿಟ್ಟವರು ಕಡಿಮೆಯಿಲ್ಲ.

ಮೊದಲು ಕೆದಕುವ ಸರಳು. 12 ಮಿ.ಮೀ. ಚೌಕ ಸರಳನ್ನು 75 ಸೆಂ.ಮೀ. ಉದ್ದಕ್ಕೆ ಕತ್ತರಿಸಿಕೊಳ್ಳಿ, ಅದು ಸುಮಾರು 850 ಗ್ರಾಂ ತೂಗುತ್ತದೆ, ಕೈಗೆ ಭಾರವೂ ಅಲ್ಲ, ಕೆಂಡದಲ್ಲಿ ಬಾಗುವಷ್ಟು ತೆಳುವೂ ಅಲ್ಲ. ನಿಮ್ಮ ಸುತ್ತಿಗೆ ಒಂದು ಕಿಲೋ ಆಸುಪಾಸಿನದಾಗಿರಲಿ. ಕೈಯನ್ನು ಇಳಿಬಿಟ್ಟು ಮುಷ್ಟಿ ಕಟ್ಟಿದಾಗ ಬೆರಳ ಗೆಣ್ಣುಗಳು ಇರುವ ಎತ್ತರಕ್ಕೆ ಅಡಿಗಲ್ಲಿನ ಮೇಲ್ಮೈ ಬರಬೇಕು. ಇದಕ್ಕಿಂತ ತಗ್ಗಾದರೆ ಸೊಂಟ ಸೋಲುತ್ತದೆ, ಎತ್ತರವಾದರೆ ಭುಜ ಸೋಲುತ್ತದೆ.

ಮೊನೆ ಎಳೆಯುವಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ದುಂಡನೆಯ ಮೊನೆ ಬೇಕೆಂದು ಮೊದಲ ಏಟಿನಿಂದಲೇ ಸರಳನ್ನು ಉರುಳಿಸುತ್ತಾ ಬಡಿಯುತ್ತಾರೆ. ಹಾಗೆ ಮಾಡಿದರೆ ಹೊರಮೈ ಹರಿದು ಒಳತಿರುಳು ಹಿಂದೆ ಉಳಿಯುತ್ತದೆ, ತುದಿ ಮೀನಿನ ಬಾಯಿಯಂತೆ ತೆರೆದುಕೊಂಡು ನಡುವೆ ಬಿರುಕು ಕಾಣಿಸುತ್ತದೆ. ಸರಳನ್ನು ಕಾಲು ಸುತ್ತು ಮಾತ್ರ ತಿರುಗಿಸುತ್ತಾ, ಒಂದು ಮುಖಕ್ಕೂ ಅದರ ಪಕ್ಕದ ಮುಖಕ್ಕೂ ಸಮನಾಗಿ ಏಟು ಕೊಡುತ್ತಾ, ಚೌಕವಾಗಿಯೇ ಚೂಪಾಗಿಸಬೇಕು. ಬೇಕಾದಷ್ಟು ಚೂಪಾದ ಮೇಲೆ ನಾಲ್ಕು ಅಂಚುಗಳನ್ನು ತಟ್ಟಿ ಎಂಟು ಮೂಲೆ ಮಾಡಿ, ಕೊನೆಯಲ್ಲಿ ಹಗುರ ಏಟುಗಳಿಂದ ದುಂಡಗೆ ಮಾಡಬೇಕು. ನಡುವೆ ಚೌಕವು ಓರೆಯಾಗಿ ವಜ್ರಾಕೃತಿಗೆ ತಿರುಗಿದರೆ ಮುಂದುವರಿಯಬೇಡಿ. ಉದ್ದ ಮೂಲೆಗಳನ್ನು ಮೇಲೆ ಕೆಳಗೆ ಹಿಡಿದು ತಟ್ಟಿ, ಚೌಕಕ್ಕೆ ತಂದುಕೊಂಡೇ ಮುಂದಕ್ಕೆ ಹೋಗಿ. ತುದಿಯನ್ನು ಅಡಿಗಲ್ಲಿನ ಆಚೆಯಂಚಿನ ಬಳಿ ಇಟ್ಟು, ಸರಳಿನ ಹಿಂಭಾಗವನ್ನು ಸ್ವಲ್ಪ ಎತ್ತಿ, ಸುತ್ತಿಗೆಯನ್ನೂ ಅಷ್ಟೇ ಓರೆಯಲ್ಲಿ ಬೀಳಿಸಿದರೆ ಎರಡೂ ಕಡೆಯಿಂದ ಸಮನಾಗಿ ಇಳಿಜಾರು ಬರುತ್ತದೆ.

ಲೆಕ್ಕವೂ ತಿಳಿದಿರಲಿ. ಚೌಕ ಸರಳಿನ 10 ಸೆಂ.ಮೀ. ಭಾಗವನ್ನು ಸೂಜಿಮೊನೆಯವರೆಗೆ ಒಂದೇ ಸಮನೆ ಚೂಪಾಗಿಸಿದರೆ ಅದು 30 ಸೆಂ.ಮೀ. ಉದ್ದವಾಗಬೇಕು, ಏಕೆಂದರೆ ಅದೇ ಬುಡ ಮತ್ತು ಅದೇ ಎತ್ತರವಿರುವ ಶಂಕುವಿನಾಕೃತಿಯಲ್ಲಿ ಹಿಡಿಯುವ ಲೋಹ ನೇರ ಸರಳಿನಲ್ಲಿರುವುದರ ಮೂರನೆಯ ಒಂದು ಪಾಲು. ಕೆದಕುವ ಸರಳಿಗೆ ಅಷ್ಟು ಚೂಪು ಬೇಡ, ಮೊಂಡು ಮೊನೆಯೇ ಕ್ಷೇಮ. ಆದರೂ ಮೂರು ನಾಲ್ಕು ಸೆಂ.ಮೀ. ಭಾಗವೇ ಎಷ್ಟು ಉದ್ದಕ್ಕೆ ಹರಿಯುತ್ತದೆಂಬುದನ್ನು ಇದರಿಂದ ಊಹಿಸಿಕೊಳ್ಳಬಹುದು.

ಸೌದೆಯನ್ನು ಎಳೆಯುವ ಕೊಕ್ಕೆಗೆ ಅನೇಕರು ಕುಲುಮೆ ಬೆಸುಗೆಯ, ಅಂದರೆ ಎರಡು ತುಂಡುಗಳನ್ನು ಚೆನ್ನಾಗಿ ಕಾಯಿಸಿ ಬಡಿದು ಒಂದಾಗಿಸುವ ಮಾತಾಡುತ್ತಾರೆ. ಕಲಿಕೆಯ ಮೊದಲ ಹಂತದಲ್ಲಿ ಅದರ ಗೋಜು ಬೇಡ. ಸರಳಿನ ತುದಿಯಿಂದ ಏಳು ಸೆಂ.ಮೀ. ಒಳಗೆ 4 ಅಥವಾ 5 ಮಿ.ಮೀ. ತೂತು ಕೊರೆದು, ತುದಿಯನ್ನು ಕಾಯಿಸಿ, ಆ ತೂತಿನವರೆಗೆ ಚಾಣದಿಂದ ಉದ್ದುದ್ದ ಸೀಳಿ. ಸೀಳು ಅಲ್ಲಿಂದ ಮುಂದಕ್ಕೆ ಹರಿಯದಂತೆ ತಡೆಯುವುದೇ ಆ ತೂತಿನ ಕೆಲಸ. ಸೀಳಿನ ಒಂದು ಕಾಲನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ನೇರ ಮೊನೆಯಾಗಿ ಎಳೆದು, ಪಕ್ಕದ್ದನ್ನು ಚೂಪಾಗಿಸಿ ಅಡಿಗಲ್ಲಿನ ಕೊಂಬಿನ (ಅದರ ಚೂಪಾಗುತ್ತಾ ಹೋಗುವ ದುಂಡು ಮೂತಿಯ) ಮೇಲೆ ಹಿಮ್ಮುಖವಾಗಿ ಬಾಗಿಸಿದರೆ ದೂಡುವ ಮೊನೆಯೂ ಎಳೆಯುವ ಕೊಕ್ಕೆಯೂ ಒಂದೇ ಸರಳಿನಲ್ಲಿ ಸಿಗುತ್ತವೆ. ಚಾಣ ಕೆಳಗೆ ಇಳಿದು ಅಡಿಗಲ್ಲಿನ ಮುಖಕ್ಕೆ ಬಡಿಯದಂತೆ ಅಡಿಯಲ್ಲೊಂದು ಮೆದು ತಗಡನ್ನು ಇಟ್ಟುಕೊಳ್ಳಿ; ಏಳೆಂಟು ಏಟಿಗೊಮ್ಮೆ ಚಾಣವನ್ನು ನೀರಿಗೆ ಅದ್ದದಿದ್ದರೆ ಅದರ ಬಾಯಿಯೇ ಮೆತ್ತಗಾಗುತ್ತದೆ.

ಹೀಗೆ ಎರಡು ಮೂರು ಕೆದಕುವ ಸರಳುಗಳನ್ನು ಮಾಡಿದ ನಂತರವೇ ಸಲಿಕೆಗೆ ಹೋಗಿ. 2 ಮಿ.ಮೀ. ತಗಡಿನ ಮೂರು ಬದಿಗಳನ್ನು ಎರಡು ಸೆಂ.ಮೀ. ಮೇಲಕ್ಕೆ ಮಡಿಚಿ, ಹಿಡಿಯ ತುದಿಯನ್ನು ಅಂಗೈಯಷ್ಟು ಚಪ್ಪಟೆ ಮಾಡಿ, ಎರಡು ರಿವೆಟ್‌ಗಳಿಂದ ಕೂಡಿಸಿದರೆ ಕೆಲಸ ಮುಗಿಯಿತು. 6 ಮಿ.ಮೀ. ರಿವೆಟ್ ಆದರೆ ತಲೆ ಕಟ್ಟಲು 9 ಮಿ.ಮೀ. ಹೊರಗೆ ಚಾಚಿರಬೇಕು, ಅಂದರೆ ದಪ್ಪದ ಒಂದೂವರೆ ಪಟ್ಟು. ಒಂದೇ ರಿವೆಟ್ ಹಾಕಿದರೆ ಸಲಿಕೆ ಅದರ ಸುತ್ತ ತಿರುಗುತ್ತದೆ. ನಿಮ್ಮ ಅಂಗಡಿಯ ಸಲಿಕೆ ಬಾಗಿದ್ದು ತಗಡು ತೆಳುವಾಗಿದ್ದರಿಂದಲೋ ಬದಿ ಮಡಿಚದೆ ಇದ್ದುದರಿಂದಲೋ ಇರಬೇಕು.

ನಿಲುವಿನ ಕಂಬವನ್ನು ಪೀಠಕ್ಕೆ ವೆಲ್ಡ್ ಮಾಡುವುದು ಸುಲಭ, ಆದರೆ ಕಲಿಯಬೇಕೆಂದಿದ್ದರೆ ಕಂಬದ ಬುಡವನ್ನು ಕಿರಿದಾಗಿಸಿ, ಪೀಠದ ತೂತಿನಲ್ಲಿ ತೂರಿಸಿ, ಬಿಸಿಯಿರುವಾಗಲೇ ಕೆಳಗಿನಿಂದ ಬಡಿದು ತಲೆ ಕಟ್ಟಿ. ತಣಿಯುವಾಗ ಲೋಹ ಕುಗ್ಗಿ ಜೋಡಣೆ ತಾನಾಗಿ ಬಿಗಿಯುತ್ತದೆ. ಪೀಠ ಭಾರವಾಗಿರಲಿ, ಇಲ್ಲವಾದರೆ ಒಂದು ಸಲಕರಣೆಯನ್ನು ತೆಗೆದಾಗಲೆಲ್ಲ ಉಳಿದವು ವಾಲುತ್ತವೆ.

ಒಬ್ಬರೇ ಹೆಣಗುವುದಕ್ಕಿಂತ ಒಂದು ವಾರ ಗುರುವಿನ ಎದುರು ಬಡಿಯುವುದು ಮೇಲು. ನಿಮ್ಮದೇ ರಾಜ್ಯದ ಬ್ರಾಸ್‌ಟೌನ್‌ನಲ್ಲಿ 1925ರಲ್ಲಿ ಆರಂಭವಾದ ಜಾನ್ ಸಿ. ಕ್ಯಾಂಪ್‌ಬೆಲ್ ಜಾನಪದ ಶಾಲೆಯಿದೆ. ಅಲ್ಲಿ ಕಮ್ಮಾರಿಕೆಯ ತರಗತಿಗಳು ನಡೆಯುತ್ತವೆ. 1973ರಲ್ಲಿ ಹುಟ್ಟಿದ ಉತ್ತರ ಅಮೆರಿಕದ ಕಲಾವಿದ ಕಮ್ಮಾರರ ಸಂಘಕ್ಕೆ ಹಲವು ಕಡೆ ಸ್ಥಳೀಯ ಬಳಗಗಳಿವೆ, ಅವರ ಕೂಟಗಳಿಗೆ ಹೊಸಬರೂ ಹೋಗಬಹುದು.

ಪ್ರಶ್ನೆ: ಸಕಲೇಶಪುರದ ನಮ್ಮ ತೋಟದ ಹಳೆಯ ಬಂಗಲೆಯಲ್ಲಿ ಬ್ರಿಟಿಷರ ಕಾಲದ ಅಗ್ಗಿಷ್ಟಿಕೆಯಿದೆ. ಮನೆ ಕಟ್ಟಿದಾಗ ಉಳಿದ ಟಿಎಂಟಿ ಸರಳುಗಳೂ ಹಳೆಯ ಜಿಐ ಪೈಪುಗಳೂ ಬಿದ್ದಿವೆ. ಅವುಗಳಿಂದಲೇ ಸಲಕರಣೆ ಮಾಡಬಹುದೇ?

ಉತ್ತರ: ಜಿಐ ಪೈಪನ್ನು ಕುಲುಮೆಯ ಹತ್ತಿರಕ್ಕೂ ತರಬೇಡಿ. ಅದರ ಮೇಲಿನ ಸತುವು ಸುಮಾರು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಬಿಳಿ ಹೊಗೆಯಾಗುತ್ತದೆ. ಕಬ್ಬಿಣ ಬಡಿಯಲು ಬೇಕಾದ ಬಿಸಿ ಅದಕ್ಕಿಂತ ಹೆಚ್ಚು. ಆ ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು, ಎದೆ ಬಿಗಿತ ಬರುತ್ತವೆ. ಬೆಲ್ಲ ತಿಂದರೆ, ಹಾಲು ಕುಡಿದರೆ ಸರಿಹೋಗುತ್ತದೆಂದು ವರ್ಕ್‌ಶಾಪುಗಳಲ್ಲಿ ಹೇಳುವುದುಂಟು, ಅದನ್ನು ನೆಚ್ಚಿಕೊಂಡು ಕೆಲಸಕ್ಕಿಳಿಯಬಾರದು. ಅಗ್ಗಿಷ್ಟಿಕೆಯ ಸಲಕರಣೆ ಪ್ರತಿದಿನ ಬೆಂಕಿಗೆ ಹೋಗುವಂಥದ್ದು, ಆದ್ದರಿಂದ ಮಾಡುವಾಗ ಮಾತ್ರವಲ್ಲ, ಬಳಸುವಾಗಲೂ ಸತುವಿನ ಲೇಪ ಬೇಡ.

ಟಿಎಂಟಿ ಸರಳು ಅಪಾಯಕಾರಿಯಲ್ಲ, ಆದರೆ ಕಲಿಕೆಗೆ ಒಳ್ಳೆಯದಲ್ಲ. ಕಾರ್ಖಾನೆಯಲ್ಲಿ ಬಿಸಿ ಸರಳಿನ ಮೇಲೆ ನೀರು ಹಾಯಿಸಿ ಹೊರಪದರವನ್ನಷ್ಟೇ ಗಡುಸು ಮಾಡಿರುತ್ತಾರೆ. ಕುಲುಮೆಯಲ್ಲಿ ಕೆಂಪಗೆ ಕಾದೊಡನೆ ಆ ಗಡುಸು ಹೋಗುತ್ತದೆ. ಉಳಿಯುವುದು ಮೈಮೇಲಿನ ಏಣುಗಳು. ಬಡಿದಾಗ ಅವು ಬೆಸೆಯದೆ ಒಳಕ್ಕೆ ಮಡಿಚಿಕೊಂಡು, ಕಣ್ಣಿಗೆ ಕಾಣದ ಪದರಗಳಾಗಿ ಕೂರುತ್ತವೆ. ತಿರುಚುವ ಹೊತ್ತಿಗೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ನಿಮ್ಮ ಊರಿನ ಕಬ್ಬಿಣದಂಗಡಿಯಲ್ಲಿ ಕಿಟಕಿ ಗ್ರಿಲ್‌ಗೆಂದು ಮಾರುವ 10 ಅಥವಾ 12 ಮಿ.ಮೀ. ಚೌಕ ಸರಳು ಸಿಗುತ್ತದೆ, ಅದನ್ನೇ ಕೊಳ್ಳಿ. ಕತ್ತಿ, ಗುದ್ದಲಿ ಹಣಿಯುವ ಕುಲುಮೆ ನಿಮ್ಮ ಸುತ್ತಮುತ್ತ ಇನ್ನೂ ಇದ್ದರೆ ಆ ಸರಳನ್ನು ಅಲ್ಲಿಗೇ ಒಯ್ದು, ಮೊದಲ ಕೊಕ್ಕೆಯನ್ನು ಅವರ ಕೈಯಲ್ಲಿ ಮಾಡಿಸಿ ನೋಡುತ್ತಾ ನಿಲ್ಲಿ. ಗುದ್ದಲಿಯ ಬಾಯಿ ಎಳೆಯುವ ಕೈಗೆ ಕೆದಕುವ ಸರಳಿನ ಮೊನೆ ಹೊಸ ವಿದ್ಯೆಯೇನಲ್ಲ.

ಪ್ರಶ್ನೆ: ಕೆದಕುವ ಸರಳಿನ ನಡುಭಾಗವನ್ನು ಅಂದಕ್ಕಾಗಿ ತಿರುಚಿದೆ. ಒಂದು ಕಡೆ ಸುರುಳಿ ಒತ್ತೊತ್ತಾಗಿದೆ, ಇನ್ನೊಂದು ಕಡೆ ಸಡಿಲವಾಗಿದೆ, ಸರಳೂ ಸೊಟ್ಟಗಾಗಿದೆ. ಏಕೆ?

ಉತ್ತರ: ಬಿಸಿ ಸಮನಾಗಿರಲಿಲ್ಲ. ಹೆಚ್ಚು ಕಾದ ಜಾಗ ಮೊದಲು ಸೋಲುತ್ತದೆ, ಸುರುಳಿಯೆಲ್ಲ ಅಲ್ಲಿಗೇ ಸೇರಿಕೊಳ್ಳುತ್ತದೆ. ತಿರುಚಬೇಕಾದ 15 ಸೆಂ.ಮೀ. ಭಾಗದ ಎರಡು ತುದಿಗೂ ಚಾಣದಿಂದ ಗುರುತು ಮಾಡಿ, ಇಡೀ ಭಾಗ ಒಂದೇ ಕಿತ್ತಳೆ ಬಣ್ಣಕ್ಕೆ ಬರುವಂತೆ ಬೆಂಕಿಯಲ್ಲಿ ಹಿಂದೆ ಮುಂದೆ ಸರಿಸುತ್ತಾ ಕಾಯಿಸಿ. ಬಣ್ಣವನ್ನು ನೆರಳಿನಲ್ಲಿ ನೋಡಬೇಕು. ಬಿಸಿಲಿನಲ್ಲಿ ಕಿತ್ತಳೆಯೂ ಮಂಕು ಕೆಂಪಾಗಿ ತೋರಿ, ಮತ್ತಷ್ಟು ಕಾಯಿಸಿ ಸುಟ್ಟುಬಿಡುತ್ತೀರಿ. ಒಂದು ತುದಿಯನ್ನು ವೈಸ್‌ನಲ್ಲಿ ಬಿಗಿದು ಇನ್ನೊಂದು ಗುರುತಿನಲ್ಲಿ ಪೈಪ್ ರೆಂಚ್ ಹಾಕಿ ತಡೆಯದೆ ಒಂದೇ ಉಸಿರಿಗೆ ತಿರುಗಿಸಿ. ಯಾವ ಜಾಗದಲ್ಲಿ ಸುರುಳಿ ಬೇಗ ಬಿಗಿಯುತ್ತಿದೆಯೋ ಅಲ್ಲಿಗೆ ಮೂತಿಯಿರುವ ಡಬ್ಬಿಯಿಂದ ಒಂದಿಷ್ಟು ನೀರು ಬಿಟ್ಟರೆ ಅದು ಅಲ್ಲಿಗೇ ನಿಂತು, ಉಳಿದ ಭಾಗ ತಿರುಗುತ್ತದೆ. ಮೆದು ಉಕ್ಕಾದ್ದರಿಂದ ನೀರು ಬಿದ್ದರೆ ಕೇಡಿಲ್ಲ.

ಸೊಟ್ಟವನ್ನು ಸುತ್ತಿಗೆಯಿಂದ ತಿದ್ದಲು ಹೋಗಬೇಡಿ, ಸುರುಳಿಯ ಅಂಚುಗಳೆಲ್ಲ ಜಜ್ಜಿಹೋಗುತ್ತವೆ. ಮತ್ತೆ ಕೆಂಪಗೆ ಕಾಯಿಸಿ, ಮರದ ಕೊರಡಿನ ಮೇಲಿಟ್ಟು, ಮರದ ಕೊಡತಿಯಿಂದ ತಟ್ಟಿ. ಹೊಗೆ ಬರುತ್ತದೆ, ಗಾಬರಿ ಬೇಡ. ನಾಲ್ಕು ಸಣ್ಣ ಸರಳುಗಳನ್ನು ಬೆಸೆದು ತಿರುಚಿ, ಹಿಮ್ಮುಖವಾಗಿ ಬಿಚ್ಚಿ ಮಾಡುವ ಬುಟ್ಟಿಹಿಡಿಯ ಆಸೆಯೂ ನಿಮಗಿರಬಹುದು, ಹೊಸಬರಿಗೆಲ್ಲ ಇರುತ್ತದೆ. ಒಂಟಿ ಸುರುಳಿ ಸಮನಾಗಿ ಬಂದ ಮೇಲೆ ಅದಕ್ಕೆ ಕೈಹಾಕಿ.

ಪ್ರಶ್ನೆ: ಸೌದೆ ಎತ್ತುವ ಇಕ್ಕಳದ ಎರಡು ತೋಳುಗಳನ್ನೂ ಚೆನ್ನಾಗಿ ಬಡಿದೆ. ರಿವೆಟ್ ಹಾಕಿದ ಮೇಲೆ ಅಲುಗಾಡುತ್ತಲೇ ಇಲ್ಲ. ರಿವೆಟ್ ತೆಗೆದು ಮತ್ತೆ ಹಾಕಬೇಕೇ?

ಉತ್ತರ: ಬೇಡ. ಕೀಲಿನ ಜಾಗವನ್ನಷ್ಟೇ ಕೆಂಪಗೆ ಕಾಯಿಸಿ, ಹೊರತೆಗೆದು, ಕೆಂಪು ಆರಿ ಕಪ್ಪಾಗುವವರೆಗೂ ತೋಳುಗಳನ್ನು ತೆರೆಯುತ್ತಾ ಮುಚ್ಚುತ್ತಾ ಇರಿ. ಎರಡು ಮುಖಗಳೂ ಒಂದಕ್ಕೊಂದು ಉಜ್ಜಿಕೊಂಡು ದಾರಿ ಮಾಡಿಕೊಳ್ಳುತ್ತವೆ. ನಡುವೆ ನಿಲ್ಲಿಸಿದರೆ ಮತ್ತೆ ಬಿಗಿಯುತ್ತದೆ. ಕೀಲಿನ ಚಪ್ಪಟೆ ಮುಖಗಳ ನಡುವೆ, ಕಾದಾಗ ಮೈಮೇಲೆ ಏಳುವ ಕಬ್ಬಿಣದ ಸಿಪ್ಪೆ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ, ಆದ್ದರಿಂದ ಮುಂದಿನ ಸಲ ಕೂಡಿಸುವ ಮೊದಲು ತಂತಿ ಬ್ರಷ್‌ನಿಂದ ಉಜ್ಜಿ. ಕಪ್ಪಾದ ಕಬ್ಬಿಣವನ್ನು ತಣ್ಣಗಿದೆಯೆಂದು ಮುಟ್ಟಬೇಡಿ. ಬೆಳಕು ಸೂಸುವುದು ನಿಂತ ಮೇಲೂ ಅದು 400 ಡಿಗ್ರಿ ಇರಬಹುದು. ಕುಲುಮೆಯಲ್ಲಿ ಕೈ ಸುಟ್ಟುಕೊಂಡವರಲ್ಲಿ ಹೆಚ್ಚಿನವರು ಸುಟ್ಟುಕೊಂಡಿದ್ದು ಕೆಂಪು ಕಬ್ಬಿಣದಿಂದಲ್ಲ.

ಪ್ರಶ್ನೆ: ಮಡಿಕೇರಿಯ ನಮ್ಮ ಹೋಮ್‌ಸ್ಟೇಗೆ ಮಾಡಿಸಿದ ಸಲಕರಣೆಗಳು ಮಳೆಗಾಲದಲ್ಲಿ ತುಕ್ಕು ಹಿಡಿದವು. ಬಣ್ಣ ಬಳಿಯಬಹುದೇ?

ಉತ್ತರ: ಹಿಡಿಗೂ ನಿಲುವಿಗೂ ಬಳಿಯಬಹುದು, ಬೆಂಕಿಗೆ ಹೋಗುವ ತುದಿಗೆ ಬೇಡ, ಮೊದಲ ದಿನವೇ ಸುಟ್ಟು ನಾರುತ್ತದೆ. ನನ್ನ ಮಟ್ಟಿಗೆ ಬಡಿದ ಗುರುತುಗಳು ಕಾಣುವ ಕಬ್ಬಿಣಕ್ಕೆ ಬಣ್ಣ ಹಚ್ಚುವುದೇ ಒಪ್ಪುವುದಿಲ್ಲ. ತುಕ್ಕನ್ನು ತಂತಿ ಬ್ರಷ್‌ನಿಂದ ತೆಗೆದು, ಸರಳನ್ನು ನೀರಿನ ಹನಿ ಬಿದ್ದೊಡನೆ ಚುರ್ರೆಂದು ಆರುವಷ್ಟು ಬಿಸಿ ಮಾಡಿ, ಅಗಸೆ ಎಣ್ಣೆಯನ್ನೋ ಜೇನುಮೇಣವನ್ನೋ ತೆಳುವಾಗಿ ಒರೆಸಿ. ಕೊಡಗಿನಲ್ಲಿ ಜೇನುಮೇಣಕ್ಕೆ ಬರವಿಲ್ಲ. ಎಣ್ಣೆ ದಪ್ಪಗೆ ಹಚ್ಚಿದರೆ ಅಂಟಂಟಾಗಿ ಬೂದಿ ಮೆತ್ತಿಕೊಳ್ಳುತ್ತದೆ, ಆದ್ದರಿಂದ ಹಚ್ಚಿದ ಮೇಲೆ ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ ತೆಗೆಯಬೇಕು. ತುದಿಯ ಲೇಪ ಬೆಂಕಿಯಲ್ಲಿ ಹೋಗುತ್ತಲೇ ಇರುತ್ತದೆ. ಜೂನ್‌ಗೆ ಮೊದಲು ಒಮ್ಮೆ, ಮಳೆ ಕಳೆದ ಮೇಲೆ ಒಮ್ಮೆ ಹಚ್ಚಿಕೊಂಡರೆ ಸಾಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಯಲ್ಲಿ ಬಿಡಬೇಡಿ. ಒಣಗುವಾಗ ಆ ಎಣ್ಣೆ ತಾನೇ ಬಿಸಿಯಾಗುತ್ತದೆ, ಬಿಸಿ ಒಳಗೇ ಉಳಿದರೆ ಬಟ್ಟೆ ಯಾರೂ ಕಡ್ಡಿ ಗೀರದೆ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಿಡಿ.