ಯಾವ ಬೀಗದ್ದೂ ಅಲ್ಲದ ಕೀಲಿಕೈ

(ಗುರುತು ಸಿಗಬಾರದೆಂದು ವಯಸ್ಸು, ನೆಂಟಸ್ತಿಕೆ ಮುಂತಾದ ಕೆಲವು ವಿವರ ಬದಲಿಸಿದ್ದೇನೆ.)

ಆತ ಬಗ್ಗಿ ಚಪ್ಪಲಿ ಬಿಡುವಾಗ ಅಂಗಿಯ ಕಿಸೆಯಿಂದ ಏನೋ ಠಣ್ಣನೆ ಬಿತ್ತು. ಕಪ್ಪು ದಾರ ಕಟ್ಟಿದ ಹಳೆಯ ಕಬ್ಬಿಣದ ಕೀಲಿಕೈ. ಯಾವ ಬೀಗದ್ದು ಎಂದು ಕೇಳಿದೆ.

"ಯಾವುದರದ್ದೂ ಅಲ್ಲ ಮೇಡಂ. ಫಿಟ್ಸ್ ಬಂದರೆ ಜನ ಕೀ ಹುಡುಕಿಕೊಂಡು ಓಡುತ್ತಾರಲ್ಲ, ಅದಕ್ಕೆ ಅಮ್ಮ ಹಾಕಿಟ್ಟದ್ದು."

ವಯಸ್ಸು 29. ಮಲ್ಪೆಯಲ್ಲಿ ಬೋಟಿಗೆ ಹೋಗುತ್ತಿದ್ದವ. ನಾಲ್ಕು ವರ್ಷದ ಹಿಂದೆ ಬಲೆ ಎಳೆಯುವಾಗಲೇ ಫಿಟ್ಸ್ ಬಂತು. ಪಕ್ಕದಲ್ಲಿದ್ದವರು ಹಿಡಿದುಕೊಳ್ಳದಿದ್ದರೆ ನೀರಿಗೇ ಬೀಳುತ್ತಿದ್ದ. ಬರಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಬೋಟು ನಡೆಸುವ ತಾಂಡೇಲರ ಫೋನು ಬರುವುದು ನಿಂತಿತು, ಅಷ್ಟೆ. ಮಾತ್ರೆ ಶುರುವಾದ ಮೇಲೆ ಫಿಟ್ಸ್ ವರ್ಷಕ್ಕೊಂದು, ಎರಡಕ್ಕೆ ಇಳಿದಿತ್ತು. ಸರಿಯಾಗಿ ಔಷಧ ತೆಗೆದುಕೊಂಡರೆ 100ರಲ್ಲಿ 70ರಷ್ಟು ಜನ ಫಿಟ್ಸ್ ಇಲ್ಲದೆಯೇ ಬದುಕಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈತನೂ ಆ ದಾರಿಯಲ್ಲೇ ಇದ್ದ.

ತಾಯಿ ಕರೆತಂದದ್ದು ಫಿಟ್ಸಿಗಲ್ಲ. "ಮಾತಿಲ್ಲ, ಊಟ ಇಲ್ಲ, ತಲೆಗೂದಲು ಸಹ ತೆಗೆಸುವುದಿಲ್ಲ. ಮಗಳ ಮದುವೆ ಆದಂದಿನಿಂದ ಹೀಗೆ" ಎಂದರು. ಮದುವೆಯ ಮಾತು ಬಂದದ್ದೇ ಆತ ಕಿಟಕಿಯ ಕಡೆ ತಿರುಗಿದ.

ತಾಯಿಯನ್ನು ಹೊರಗೆ ಕೂರಿಸಿದ ಮೇಲೆ ವಿಷಯ ಬಿಚ್ಚಿಕೊಂಡಿತು. ಗಂಡಿನ ಕಡೆಯವರಿಗೆ "ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದಾನೆ, ರಜೆ ಸಿಗಲಿಲ್ಲ" ಎಂದು ಹೇಳಿದ್ದರಂತೆ. ಎರಡು ದಿನ ಈತ ನೆರೆಮನೆಯ ಮಾಳಿಗೆಯಲ್ಲಿ ಕೂತು ತಂಗಿಯ ಮದುವೆಯ ಮೈಕು ಕೇಳಿದ. ಮಾತ್ರೆ ಮನೆಯಲ್ಲೇ ಉಳಿದಿತ್ತು. ತರಲು ಹೋದರೆ ಯಾರಾದರೂ ನೋಡಿಯಾರು. ಎರಡನೆಯ ರಾತ್ರಿ ನಿದ್ದೆಯೂ ಇಲ್ಲ, ಬೆಳಗಿನ ಜಾವ ಫಿಟ್ಸ್ ಬಂತು. ಎಚ್ಚರವಾದಾಗ ನಾಲಿಗೆ ಕಚ್ಚಿ ರಕ್ತ. ಹೊದಿಕೆಯ ಮೂಲೆಯಲ್ಲಿ ಬಾಯಿ ಒರೆಸಿಕೊಂಡು, ಕಲೆ ಒಳಗೆ ಹೋಗುವ ಹಾಗೆ ಮಡಚಿಟ್ಟೆ ಎಂದ. ಇದನ್ನು ಹೇಳುವಾಗ ಅಳಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದೆ. ಕೇಳಿದರೆ ತಲೆಯಲ್ಲಿ ಹುಳ ಬಿಟ್ಟ ಹಾಗೆ ಎಂದು ಮನೆಯವರು ಅಂದುಕೊಳ್ಳುತ್ತಾರೆ, ಹಾಗಲ್ಲ. ಕೇಳಿದವರಿಗೇ ಜನ ಹೇಳುವುದು. "ಕಡಲಿಗೆ ಹೋದವ ವಾಪಸು ಬರದಿದ್ದರೆ ಯಾರೂ ಕಾರಣ ಕೇಳುವುದಿಲ್ಲ ಮೇಡಂ" ಎಂದ. ಆ ದಿನವೇ ಮನೋವೈದ್ಯರ ಹತ್ತಿರ ಕಳಿಸಿದೆ. ಮಾತ್ರೆಗಳನ್ನು ತಾಯಿಯೇ ಇಟ್ಟುಕೊಂಡು ಹೊತ್ತು ಹೊತ್ತಿಗೆ ಕೊಡಬೇಕು, ದಂಡೆಗೆ ಒಬ್ಬನೇ ಹೋಗಬಾರದು ಎಂದು ಮಾತಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಅನ್ನು ಅವನ ಮೊಬೈಲಿನಲ್ಲಿ ನಾನೇ ಸೇವ್ ಮಾಡಿದೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಔಷಧದ ಚೀಟಿ ನೋಡಿದಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು: ಫಿಟ್ಸಿನ ಮಾತ್ರೆ ಲೆವೆಟಿರಾಸೆಟಮ್. ಒಳ್ಳೆಯ ಔಷಧವೇ, ಆದರೆ ಕೆಲವರಿಗೆ ಸಿಡುಕು, ಮಂಕು ತರುತ್ತದೆ. ಎಲ್ಲವನ್ನೂ ಮರ್ಯಾದೆಯ ತಲೆಗೆ ಕಟ್ಟುವ ಹಾಗಿಲ್ಲ. ನರರೋಗ ತಜ್ಞರಿಗೆ ಪತ್ರ ಬರೆದುಕೊಟ್ಟೆ. ಅವರು ನಿಧಾನವಾಗಿ ಮಾತ್ರೆ ಬದಲಿಸಿದರು. ಓದುವವರು ಇದನ್ನು ನೋಡಿ ತಾವಾಗಿಯೇ ಮಾತ್ರೆ ಬಿಟ್ಟೀರಿ, ಜೋಕೆ. ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಒಂದರ ಮೇಲೊಂದು ಬಂದು ಜೀವಕ್ಕೇ ಕುತ್ತಾದೀತು.

ತಾಯಿಯ ಜೊತೆ ಕೆಲಸ ಹೆಚ್ಚು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ ನಾಗದೋಷ ಕಂಡು, ನಾಗನಿಗೆ ಮಾಡುವ ಆಶ್ಲೇಷಾ ಬಲಿ ಪೂಜೆಯೂ ಆಗಿತ್ತು. "ನಾಗನ ಲೆಕ್ಕ ಮುಗಿಯಿತಲ್ಲ ಅಮ್ಮ, ಇನ್ನು ಮಾತ್ರೆಯ ಲೆಕ್ಕ ನೋಡುವ" ಎಂದೆ. ನಗು ಬಂತು ಅವರಿಗೆ. ಫಿಟ್ಸ್ ಇದ್ದರೆ ಮದುವೆ ಕಾನೂನಿನಲ್ಲೇ ಮುರಿಯುತ್ತದೆ ಎಂದು ಯಾರೋ ತಲೆಗೆ ತುಂಬಿದ್ದರು. ಹಿಂದೂ ವಿವಾಹ ಕಾಯ್ದೆಯಿಂದ ಆ ಮಾತು 1999ರಲ್ಲೇ ಹೋಗಿದೆ. ಅದಿರುವಾಗಲೂ ಮದುವೆಯಾಗುವವರ ಬಗ್ಗೆ ಇತ್ತೇ ಹೊರತು ಅಣ್ಣನ ಬಗ್ಗೆ ಅಲ್ಲ.

ಆಮೇಲೆ ನೆಲಕ್ಕೆ ಚಾಪೆ ಹಾಸಿ ತೋರಿಸಿದೆ: ಫಿಟ್ಸ್ ಬಂದರೆ ಪಕ್ಕಕ್ಕೆ ಮಗ್ಗುಲಾಗಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಬಾಯಿಗೆ ನೀರು, ಚಮಚ ಯಾವುದೂ ಬೇಡ, ಚಪ್ಪಲಿ ಮೂಸಿಸುವುದು ಬೇಡ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108. ಕಬ್ಬಿಣ ಹಿಡಿಸಿದ್ದರಿಂದ ಫಿಟ್ಸ್ ನಿಲ್ಲುವುದಿಲ್ಲ, ತಾನಾಗಿ ನಿಲ್ಲುವ ಹೊತ್ತಿಗೆ ಕೈಯಲ್ಲಿ ಕೀ ಇರುತ್ತದೆ ಅಷ್ಟೆ.

ಪುನಃ ಕಡಲಿಗೆ ಹೋಗಬಹುದೇ ಎಂದು ಆತ ಕೇಳಿದ್ದ. ಆಗುವುದಿಲ್ಲ ಎಂದೇ ಹೇಳಿದೆ. ಸುಳ್ಳು ಸಮಾಧಾನ ಅವನಿಗೆ ಬೇಕಾದಷ್ಟು ಸಿಕ್ಕಿತ್ತು. ಬದಲಿಗೆ, ಒಬ್ಬರಿಗೆ ಮಾತ್ರ ಬಾಯಿಬಿಟ್ಟು ಹೇಳು, ಯಾರೆಂದು ನೀನೇ ಆರಿಸು ಎಂದೆ. ಮೂರು ವಾರ ತೆಗೆದುಕೊಂಡ. ಆರಿಸಿದ್ದು ಹಳೆಯ ತಾಂಡೇಲರನ್ನು. "ನನಗೆ ಬೇಡವಾಗಿ ಬಿಟ್ಟದ್ದಲ್ಲ ಮಾರಾಯ, ಹೆದರಿಕೆಯಲ್ಲಿ" ಎಂದರಂತೆ ಅವರು. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಹರಿದ ಬಲೆ ರಿಪೇರಿಯ ಕಾಲ. ಹಗಲಿನ ಕೆಲಸ, ರಾತ್ರಿ ನಿದ್ದೆ. ಕೈಗೆ ದಾರ ಬಂದ ಮೇಲೆ ಊಟವೂ ಬಂತು.

ಆಗಸ್ಟ್ 1ಕ್ಕೆ ಬೋಟುಗಳು ಹೊರಟವು. ನೋಡಲು ಹೋಗಿದ್ದೆ, ಬೇಜಾರಾಯಿತು ಎಂದ. ಆಗದೆ ಇರುತ್ತದೆಯೇ ಎಂದೆ. ಬೇರೆ ಉತ್ತರ ನನ್ನ ಹತ್ತಿರವೂ ಇರಲಿಲ್ಲ. ಬಾವನಿಗೆ ಇನ್ನೂ ಹೇಳಿಲ್ಲ, ಚೌತಿಗೆ ಮನೆಗೆ ಬಂದಾಗ ತಾನೇ ಹೇಳುತ್ತೇನೆ ಎಂದು ತಂಗಿ ಫೋನು ಮಾಡಿದ್ದಾಳಂತೆ.

ಕಿಸೆಯಲ್ಲಿ ಈಗ ಒಂದು ಚೀಟಿ ಇದೆ: ಹೆಸರು, ಮಾತ್ರೆ, ಮನೆಯ ನಂಬರು, ಮಗ್ಗುಲಾಗಿಸಿ ಎಂಬ ಮಾತು. ಕೀಲಿಕೈಯೂ ಇದೆ. ತೆಗೆದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲವಂತೆ.