ಎಕ್ಸ್‌ರೇ ನಾರ್ಮಲ್ ಇದ್ದರೂ ಮಂಡಿ ಯಾಕೆ ಜಾರುತ್ತದೆ?

ನಮಸ್ಕಾರ. ಕಬಡ್ಡಿ ಆಡುವಾಗ ಮಂಡಿ ತಿರುಚಿ ‘ಟಪ್’ ಅಂತು, 2 ಗಂಟೆಯೊಳಗೆ ಊದಿಕೊಂಡಿತು, ಈಗ ಮೆಟ್ಟಿಲು ಇಳಿಯುವಾಗ ಕಾಲು ಜಾರಿದ ಹಾಗಾಗುತ್ತದೆ ಅಂದಿದ್ದೀರಿ. ಎಕ್ಸ್‌ರೇ ನಾರ್ಮಲ್ ಇದ್ದರೂ ಎಂಆರ್‌ಐ ಬೇಕಾ ಅಂತ ನಿಮ್ಮ ಪ್ರಶ್ನೆ. ಬೇಕು ಅಂತಲೇ ನನಗನ್ನಿಸುತ್ತದೆ.

ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ. ಮಂಡಿಯನ್ನು ಬಿಗಿಯಾಗಿ ಹಿಡಿದಿರುವುದು ಲಿಗಮೆಂಟ್‌ಗಳು, ಅವು ಅದರಲ್ಲಿ ಕಾಣುವುದಿಲ್ಲ. ಕೀಲಿನೊಳಗೆ ಎರಡು ಲಿಗಮೆಂಟ್ ಒಂದಕ್ಕೊಂದು ಅಡ್ಡ ಹಾದಿರುತ್ತವೆ. ಮುಂದಿನದು ಎಸಿಎಲ್. ಕೆಳಗಿನ ಮೂಳೆ ಮುಂದಕ್ಕೆ ಸರಿಯದಂತೆ ತಡೆಯುವುದು ಇದೇ. ಹರಿದರೆ ಅದರ ರಕ್ತನಾಳಗಳೂ ಹರಿದು ಕೀಲಿನೊಳಗೆ ರಕ್ತ ತುಂಬುತ್ತದೆ. ಅಷ್ಟು ಬೇಗ ಊದಿದ್ದು ಬಹುಶಃ ಅದಕ್ಕೇ. ಮೂಳೆಗಳ ನಡುವಿನ ಮೆತ್ತೆ, ಅಂದರೆ ಮೆನಿಸ್ಕಸ್ ಮಾತ್ರ ಹರಿದಿದ್ದರೆ ಊತ ಸಾಮಾನ್ಯವಾಗಿ ನಿಧಾನ, ಮಾರನೇ ದಿನ ಗೊತ್ತಾಗುತ್ತದೆ. ಎರಡೂ ಒಟ್ಟಿಗೆ ಹರಿಯುವುದೂ ಉಂಟು.

ಮೂಳೆ ಡಾಕ್ಟರು ಮಂಡಿಯನ್ನು 20-30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಇದು ಲ್ಯಾಕ್‌ಮನ್ ಪರೀಕ್ಷೆ. ಚೆನ್ನಾಗಿರುವ ಕಾಲಿಗೂ ಮಾಡಿ ಹೋಲಿಸುತ್ತಾರೆ. ನನಗೆ ಮಾಡಿದಾಗ ಮೂಳೆ ಸರಕ್ಕನೆ ಮುಂದೆ ಬಂದಿದ್ದು ನನಗೇ ಗೊತ್ತಾಯ್ತು! ಅದಕ್ಕೂ ಮೊದಲು 3 ವಾರ ಎಣ್ಣೆ ತಿಕ್ಕಿಸಿಕೊಂಡು ಕೂತಿದ್ದೆ, ದಂಡ.

ಎಸಿಎಲ್ ಹೋದವರಿಗೆಲ್ಲ ಆಪರೇಷನ್ ಬೇಕಿಲ್ಲ. ಫಿಸಿಯೋಥೆರಪಿಯಲ್ಲೇ ಓಡಾಡಿಕೊಂಡಿರುವವರಿದ್ದಾರೆ. ಆದರೆ ಮತ್ತೆ ಕಬಡ್ಡಿ ಆಡಬೇಕು ಅಂದರೆ ಲೆಕ್ಕ ಬೇರೆ. ಆಪರೇಷನ್ ಆದಮೇಲೂ ಅಂಗಳಕ್ಕಿಳಿಯಲು ಸುಮಾರು 9 ತಿಂಗಳು ಕಾಯಬೇಕು.

ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡರೆ, ಅಥವಾ ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ತೋರಿಸಿ.